ವಾಪಸ್ ಟ್ರಿಪ್ಪಿನ ದೆವ್ವಗಳು

ಅಪ್ಪ ಕೊಳ್ಳೇಗಾಲದ ಒಂದು ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದ. ‘ಆಗಿದ್ದ’ ಎಂದು ನಾನು ಹೇಳಿದರೆ ಇವತ್ತಿಗೂ ತವರಿನಲ್ಲಿ ಜಗಳ ಆಗುತ್ತದೆ. ಅವನನ್ನು ಸ್ಟೇರಿಂಗಿನಿಂದ ಇಳಿಸಿದವಳು ನಾನೇ ಎನ್ನುವುದು ಅಲ್ಲಿನವರ ತೀರ್ಮಾನ. ಇರಲಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೆ ಒದೆ ಬಿದ್ದು ಆಗಿದೆ, ಇನ್ನು ಬಾಯಿ ಮುಚ್ಚಿಕೊಂಡಿರುವುದಕ್ಕೆ ಕಾರಣವೇ ಇಲ್ಲ.

ಕೊಳ್ಳೇಗಾಲದಿಂದ ಹೊರಟು ಹನೂರು, ಅಜ್ಜೀಪುರ ದಾಟಿ, ತಾಳುಬೆಟ್ಟದಲ್ಲಿ ಘಾಟಿ ಹತ್ತಿ ಮಾದಪ್ಪನ ಬೆಟ್ಟ ಮುಟ್ಟುವ ರೂಟು ಅವನದು. ಅವನು ಆ ರಸ್ತೆ ಕಲಿತದ್ದು ಬಾಯಿಪಾಠದಿಂದ. ಕ್ಲೀನರ್ ಆಗಿದ್ದ ಕಾಲದಲ್ಲಿ ಹಳೆಯ ಡ್ರೈವರೊಬ್ಬ ಪ್ರತಿ ತಿರುವನ್ನೂ ಮಗ್ಗಿಯ ಹಾಗೆ ಒಪ್ಪಿಸಬೇಕು ಅನ್ನುತ್ತಿದ್ದನಂತೆ. ‘ಬೇವಿನ ಮರ, ಗೇರ್ ಇಳ್ಸು. ಮೋರಿ, ಆರ್ನ್ ಒಡಿ. ಬಂಡೆ, ಬಲಕ್ಕೆ ತಕ್ಕೊ.’ ನಾವು ಚಿಕ್ಕವರಿದ್ದಾಗ ಅಪ್ಪ ನಿದ್ದೆಯಲ್ಲೂ ಇದನ್ನೇ ಗೊಣಗುತ್ತಿದ್ದ. ಮಂಜು ಕವಿದು ಎದುರಿನದೇನೂ ಕಾಣದ ಬೆಳಗುಗಳಲ್ಲಿ ಬೇರೆ ಡ್ರೈವರುಗಳು ಬಸ್ಸು ನಿಲ್ಲಿಸಿ ಬೀಡಿ ಸೇದುತ್ತಾ ಕಾದರೆ, ಅಪ್ಪ ಮಾತ್ರ ಗೊಣಗಿಕೊಂಡೇ ಹತ್ತಿಸಿಬಿಡುತ್ತಿದ್ದ. ‘ಕಣ್ಣು ಮುಚ್ಕಂಡು ಓಡುಸ್ತೀನಿ’ ಅನ್ನುವುದು ಅವನ ಜಂಬ. ಊರೆಲ್ಲ ಆ ಜಂಬವನ್ನು ಮೆಚ್ಚುತ್ತಿತ್ತು. ನಾನೂ ಮೆಚ್ಚಿದ್ದೆ.

ಅವನಿಗೆ ಲಕ್ವ ಹೊಡೆದದ್ದು ಬೇಸಿಗೆ ಶುರುವಾಗುವ ಹೊತ್ತಿನಲ್ಲಿ. ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋದವನಿಗೆ ನೀರು ಕಟವಾಯಿಂದ ಸೋರಿತು, ಎಡಗೈ ಜೋತುಬಿತ್ತು. ನನ್ನ ತಮ್ಮ ಅವನನ್ನು ಮೈಸೂರಿಗೆ ಸಾಗಿಸಿದ. ಬೇಗ ಹೋದದ್ದರಿಂದ ಜೀವಕ್ಕೇನೂ ಆಗಲಿಲ್ಲ, ಬಾಯಿ ನೆಟ್ಟಗಾಯಿತು, ಕಾಲಿಗೆ ಬಲ ಬಂತು. ಎಡಗೈ ಬೆರಳುಗಳು ಮಾತ್ರ ಮಂದವಾಗಿದ್ದವು. ಬೆರಳಿಗೆ ಕೆಲಸ ಕೊಡಿ, ಕಣ್ಣಿನ ಡಾಕ್ಟರಿಗೂ ಒಂದು ಸಲ ತೋರಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ಮೊದಲನೆಯದನ್ನು ಎಲ್ಲರೂ ಕೇಳಿಸಿಕೊಂಡರು. ಎರಡನೆಯದಕ್ಕೆ ತಮ್ಮ, ‘ಕಣ್ಣಿಗೇನಾಗದೆ? ಬೀದಿ ಕೊನೇಲಿ ಬರೋರ್ನ ಗುರ್ತು ಇಡಿತಾನೆ’ ಅಂದ. ಮಾತು ಅಲ್ಲಿಗೇ ನಿಂತಿತು.

ನಾನು ಯಳಂದೂರಿಗೆ ಮದುವೆಯಾಗಿ ಹೋದವಳು, ಅಲ್ಲೇ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಬೇಸಿಗೆ ರಜ ಬಂದದ್ದರಿಂದ ಅಪ್ಪನ ಜೊತೆಗಿರಲು ಬಂದೆ. ರಬ್ಬರ್ ಚೆಂಡು ಕೊಟ್ಟು ಅಮುಕು ಅಂದರೆ ಅಪ್ಪ ಅದನ್ನು ಮೂಲೆಗೆ ಎಸೆಯುತ್ತಿದ್ದ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಟಿವಿಗೆ ಚುಚ್ಚುವ ಒಂದು ಗೇಮು ಕಂಡಿತು. ನಾನು ಹುಡುಗಿಯಾಗಿದ್ದಾಗ ಪಕ್ಕದ ಮನೆಯಲ್ಲಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ಹಳೇ ಆಟಗಳೆಲ್ಲ ಅದರೊಳಗಿದ್ದವು. ಎರಡೂ ಕೈಯಲ್ಲಿ ಹಿಡಿಯುವ ರಿಮೋಟು. ಎಡಗೈ ಹೆಬ್ಬೆರಳಲ್ಲಿ ನಡೆಸಬೇಕು, ಬಲಗೈಯಲ್ಲಿ ಹಾರಿಸಬೇಕು. ಇದಾದರೂ ಆಗಲಿ ಎಂದು ತಂದೆ.

ಅಷ್ಟು ಆಟಗಳಲ್ಲಿ ಅಪ್ಪ ಹಿಡಿದುಕೊಂಡದ್ದು ದೆವ್ವದ ಆಟವನ್ನು. ಕಾರು ಓಡಿಸುವ ಆಟ ತೋರಿಸಿದೆ, ‘ಥೂ, ಇದೂ ಒಂದು ಡ್ರೈವಿಂಗಾ’ ಅಂದ. ದೆವ್ವದ ಆಟದಲ್ಲಿ ಪಂಜು ಹಿಡಿದ ಒಬ್ಬ ಕುಳ್ಳ ತನ್ನ ಗುಡಿಸಿಲಿನಿಂದ ಹೊರಟು ಕಾಡು, ಗೋರಿಗಳು, ಪಾಳುಬಿದ್ದ ಕೋಟೆ ಎಲ್ಲ ದಾಟಿ ಗಂಟೆಗೋಪುರಕ್ಕೆ ಹೋಗಿ ದೆವ್ವಗಳ ಯಜಮಾನನನ್ನು ಸುಡಬೇಕು. ಮೂರು ಜೀವ. ಬಣ್ಣ ಅಂದರೆ ಕಪ್ಪು, ನೀಲಿ, ಒಂದಿಷ್ಟು ಕೆಂಪು. ಬಾವಲಿ ಚೌಕಚೌಕವಾಗಿ ಹಾರುತ್ತದೆ, ಅಸ್ಥಿಪಂಜರ ನಡೆದರೆ ಕಟಕಟ ಸದ್ದು, ಗೋರಿ ತೆರೆದು ಕೈಯೊಂದು ಮೇಲೆ ಬರುತ್ತದೆ. ಇವತ್ತಿನ ಮಕ್ಕಳು ನೋಡಿದರೆ ನಗುತ್ತಾರೆ. ನನಗೆ ಮಾತ್ರ ಆ ಟಿಂವ್ ಟಿಂವ್ ಸಂಗೀತ ಕೇಳಿದ ಕೂಡಲೇ ಈ ವಯಸ್ಸಿನಲ್ಲೂ ಅಂಗೈ ಬೆವರಿತು.

‘ಇದು ನಮ್ ಬೆಟ್ಟದ ರೂಟೇ ಕಣವ್ವ. ನೋಡು, ಇಲ್ಲಿಗೆ ಅನೂರಾಯ್ತು, ಇನ್ನು ಕಾಡು’ ಅಂದ ಅಪ್ಪ.

ಮೊದಲ ದಿನಗಳಲ್ಲಿ ಕುಳ್ಳ ಹೆಜ್ಜೆಹೆಜ್ಜೆಗೂ ಸತ್ತ. ಅಪ್ಪ ರಿಮೋಟನ್ನು ಬೈದ, ಟಿವಿಯನ್ನು ಬೈದ, ಅದನ್ನು ತಂದ ನನ್ನನ್ನೂ ಬೈದ. ಆಮೇಲೆ ತನ್ನ ಹಳೇ ವಿದ್ಯೆ ತೆಗೆದ. ಪ್ರತಿ ಜಾಗಕ್ಕೂ ಒಂದೊಂದು ಮಾತು ಕಟ್ಟಿಕೊಂಡು ಒಪ್ಪಿಸತೊಡಗಿದ. ‘ಬಾವಿ, ಎಗರು. ಕಂಬ, ಬಗ್ಗು. ಮೂರ್ನೇ ಗೋರಿ, ಇಂದಿಂದ ಬಾವಲಿ, ಎಗರು.’ ನಾನು ಪಕ್ಕದಲ್ಲಿ ಕೂತು ಅವನ ಜೊತೆಗೆ ಒಪ್ಪಿಸುತ್ತಿದ್ದೆ. ಅವ್ವ ಅಡುಗೆಮನೆಯಿಂದ, ‘ಅಪ್ಪ ಮಗಳಿಗೆ ದೆವ್ವ ಮೆಟ್ಕತು’ ಎಂದು ನಗುತ್ತಿದ್ದಳು. ಒಂದು ಸಲ ಗೋಪುರದ ಮೆಟ್ಟಿಲು ಮುಟ್ಟಿ ಸತ್ತಾಗ ಅಪ್ಪ ನನ್ನ ಬೆನ್ನಿಗೆ ಹೊಡೆದು ನಕ್ಕ. ಚಿಕ್ಕವಳಿದ್ದಾಗ ಅಪ್ಪ ಮನೆಗೆ ಬರುತ್ತಿದ್ದದ್ದೇ ನಾವು ಮಲಗಿದ ಮೇಲೆ, ಹೊರಡುತ್ತಿದ್ದದ್ದು ನಾವು ಏಳುವ ಮುಂಚೆ. ಅವನ ಪಕ್ಕ ಇಷ್ಟು ಹೊತ್ತು ನಾನು ಯಾವತ್ತೂ ಕೂತವಳಲ್ಲ. ಸುಖವಾಗಿತ್ತು. ಆ ಸುಖ ನೆನೆಸಿಕೊಂಡರೇ ಈಗ ಹೆಚ್ಚು ಉರಿಯುವುದು.

ರಜ ಅರ್ಧ ಕಳೆಯುವಷ್ಟರಲ್ಲಿ ಅಪ್ಪ ಗೋಪುರದವರೆಗೂ ಒಂದೂ ಜೀವ ಕಳೆದುಕೊಳ್ಳದೆ ಹೋಗುತ್ತಿದ್ದ. ಬೆರಳು ಚುರುಕಾಗಿತ್ತು. ಬೀದಿಯವರು ಬಂದು ನೋಡಿ, ‘ಲಕ್ವ ಒಡೆದೋನ ಕೈಯಾ ಇದು?’ ಅಂತ ಬೆರಗಾದರು. ನನ್ನ ತಮ್ಮ ಅದನ್ನು ಮೊಬೈಲಿನಲ್ಲಿ ಹಿಡಿದು ಬಸ್ಸಿನ ಓನರಿಗೆ ಕಳಿಸಿದ.

ಅಪ್ಪ ಎದ್ದು ಓಡಾಡಿದರೆ ಊರಿಗೆ ಉಣ್ಣಿಸುತ್ತೇನೆ ಎಂದು ಅವ್ವ ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಅಪ್ಪ ಹುಟ್ಟಿದ ಊರು ಮುಳ್ಳೂರು. ಅಲ್ಲೇ ಹರಕೆಯ ಊಟ ಇಟ್ಟುಕೊಂಡೆವು. ಮೊದಲ ಪಂಕ್ತಿಯಲ್ಲಿ ಅಪ್ಪ, ಅವನ ಬಲಕ್ಕೆ ಬಸ್ಸಿನ ಓನರು. ಎಲೆಗೆ ಬಡಿಸುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ, ಉಪ್ಪು ಉಪ್ಪಿನಕಾಯಿ ಮೊದಲು ಬೀಳುವುದು ಎಲೆಯ ಎಡತುದಿಗೆ. ಅಪ್ಪ ಎರಡು ತುತ್ತು ಉಂಡು, ‘ಉಪ್ಪು ಆಕ್ಲಿಲ್ವೇನ್ಲಾ?’ ಎಂದು ಗದರಿದ. ಬಡಿಸುವವನು ಎಲೆ ನೋಡಿದ, ಉಪ್ಪು ಇತ್ತು. ಮಾತಾಡದೆ ಅಲ್ಲೇ ಇನ್ನೊಂದು ಚಿಟಿಕೆ ಹಾಕಿ ಮುಂದೆ ಹೋದ. ಅಪ್ಪ ಮತ್ತೆ ಕೂಗಿದ. ‘ಬೆಟ್ಟದ ಡ್ರೈವರ್ ಗತ್ತು ಅಂದ್ರೆ ಇದು ಕಣ್ರಿ’ ಎಂದು ಯಾರೋ ಅಂದರು, ಪಂಕ್ತಿಯೆಲ್ಲ ನಕ್ಕಿತು. ಎದ್ದ ಮೇಲೆ ನೋಡಿದರೆ ಅವನ ಎಲೆಯ ಬಲಭಾಗ ನುಣ್ಣಗೆ ಬರಿದಾಗಿತ್ತು. ಎಡಭಾಗದಲ್ಲಿ ಪಲ್ಯ, ಕೋಸಂಬರಿ, ಉಪ್ಪು ಹಾಕಿದ್ದು ಹಾಕಿದ ಹಾಗೇ ಇತ್ತು. ಹಸಿವಿಲ್ಲವೇನೋ ಅಂದುಕೊಂಡೆ. ಓನರು ಕೈ ತೊಳೆಯುತ್ತಾ, ‘ಅಣ್ಣ, ಮುಂದಿನ ಅಮಾಸೆಗೆ ನೀವೇ ಬಸ್ ತಕ್ಕೊಳಿ’ ಅಂದ. ಅಮಾವಾಸ್ಯೆ ಅಂದರೆ ಬೆಟ್ಟಕ್ಕೆ ಜನವೋ ಜನ. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಪ್ಪನ ಮುಖ ಅರಳಿತು, ಅವ್ವ ಕಣ್ಣು ಒರೆಸಿಕೊಂಡಳು.

ಅದಾದ ಎರಡು ಮೂರು ದಿನಕ್ಕೆ ಅಪ್ಪ ಗೋಪುರ ಹತ್ತಿ ಯಜಮಾನ ದೆವ್ವವನ್ನು ಸುಟ್ಟೇಬಿಟ್ಟ. ಚಿಕ್ಕಂದಿನಲ್ಲಿ ನಾನು ಅಲ್ಲಿಗೆ ಮುಟ್ಟಿದವಳೇ ಅಲ್ಲ. ಆಟ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಗಂಟೆ ಬಾರಿಸಿತು, ಪರದೆ ಮಿನುಗಿತು, ಕುಳ್ಳ ಗೋಪುರದ ಬುಡದಲ್ಲಿ ಹಿಂದಕ್ಕೆ ಮುಖ ಮಾಡಿ ನಿಂತ. ಬಂದ ದಾರಿಯಲ್ಲೇ ಗುಡಿಸಿಲಿಗೆ ವಾಪಸು ಹೋಗಬೇಕು. ಇಷ್ಟು ದಿನ ಎಡದಿಂದ ಬಲಕ್ಕೆ ಹೋಗುತ್ತಿದ್ದವನು ಈಗ ಬಲದಿಂದ ಎಡಕ್ಕೆ ನಡೆಯಬೇಕು.

‘ವಾಪಸ್ ಟ್ರಿಪ್ಪು’ ಎಂದು ಅಪ್ಪ ಖುಷಿಯಿಂದ ಸರಿಯಾಗಿ ಕೂತ.

ಮೊದಲ ಹೊಂಡಕ್ಕೇ ಬಿದ್ದ. ಹೊಂಡ ಕಣ್ಣ ಮುಂದೆ ಇತ್ತು, ಅದರ ಮೊದಲು ಒಂದು ತಲೆಬುರುಡೆಯ ಗುರುತೂ ಇತ್ತು. ಮತ್ತೆ ಹೊರಟ, ಮತ್ತೆ ಬಿದ್ದ. ಮೂರನೆಯ ಸಲ ನಾನು ‘ಹಾರಪ್ಪ’ ಅಂದೆ, ಹಾರಿ ದಾಟಿದ. ಆಚೆ ಒಂದು ಅಸ್ಥಿಪಂಜರ ಆರಾಮವಾಗಿ ನಡೆದುಕೊಂಡು ಬರುತ್ತಿತ್ತು. ಎರಡು ವರ್ಷದ ಮಗುವೂ ಬೆರಳು ಮಾಡಿ ತೋರಿಸುವಂಥದ್ದು. ಅಪ್ಪ ಅದರ ಮೈಮೇಲೆ ನೇರವಾಗಿ ನಡೆದ.

‘ಎಲ್ಲಿಂದ ಬಂತು ಇದು?’ ಅಂದ.

‘ಎದುರಿಗೇ ಇತ್ತಲ್ಲಪ್ಪ.’

‘ಸುಳ್ ಏಳ್ಬೇಡ. ಮಿಶನ್ನು ಮೋಸ ಮಾಡ್ತದೆ.’

ಅವನು ರಿಮೋಟು ಇಟ್ಟು ಬೀದಿಗೆ ಹೋದ. ನಾನು ಅಲ್ಲೇ ಕೂತೆ. ಮುಳ್ಳೂರಿನ ಎಲೆ, ಅದರ ಮುಟ್ಟದ ಎಡಭಾಗ ಕಣ್ಣಿಗೆ ಬಂತು.

ಮಾರನೆಯ ದಿನ ಅಪ್ಪ ವಾಪಸ್ ಟ್ರಿಪ್ಪಿನ ಸುದ್ದಿ ಎತ್ತದೆ ಆಟವನ್ನು ಮೊದಲಿನಿಂದ ಶುರು ಮಾಡಿದ. ಅದೇ ಪಾಠ, ಅದೇ ಚುರುಕು. ಅವನು ಬಾವಿ ಹಾರುತ್ತಿದ್ದಾಗ ನಾನು ಟಿವಿಯ ಹಿಂದಿನಿಂದ ಬಂದು, ಸ್ನಾನದ ಕೆಂಪು ಟವೆಲನ್ನು ಪರದೆಯ ಎಡ ಅರ್ಧಕ್ಕೆ ಇಳಿಬಿಟ್ಟೆ. ಅರ್ಧ ಟಿವಿ ಮುಚ್ಚಿಹೋಯಿತು. ಅಪ್ಪ ನಿಲ್ಲಿಸಲಿಲ್ಲ, ಕೇಳಲಿಲ್ಲ, ಒಂದು ಜೀವವನ್ನೂ ಕಳೆದುಕೊಳ್ಳಲಿಲ್ಲ. ‘ಮೂರ್ನೇ ಗೋರಿ, ಇಂದಿಂದ ಬಾವಲಿ, ಎಗರು’ ಎಂದು ಎಗರಿದ. ಬಾವಲಿ ಟವೆಲಿನ ಹಿಂದೆ ಇತ್ತು. ಅವ್ವ ಕಾಫಿ ತಂದವಳು ಬಾಗಿಲಲ್ಲಿ ನಿಂತು ಟಿವಿ ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳಿಗೆ ಅರ್ಥವಾಯಿತು. ಲೋಟ ನೆಲದ ಮೇಲಿಟ್ಟು ಒಳಗೆ ಹೋದಳು.

ಅವನಿಗೆ ಎಡಗಡೆಯದು ಏನೂ ಕಾಣುತ್ತಿರಲಿಲ್ಲ. ಮುಂದಕ್ಕೆ ಹೋಗುವಾಗ ದೆವ್ವಗಳೆಲ್ಲ ಬಲಗಡೆಯಿಂದ ಬರುತ್ತಿದ್ದವು, ಕಂಡವು. ಹಿಂದಿನಿಂದ ಬರುವ ನಾಲ್ಕಾರನ್ನು ಬಾಯಿಪಾಠ ಮಾಡಿದ್ದ. ಆಟದ ದೆವ್ವ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಬಸ್ಸಿಗೆ ಕೈ ತೋರಿಸಿಕೊಂಡು ರಸ್ತೆಗೆ ಇಳಿಯುವವರು, ಮಕ್ಕಳ ಕೈ ಹಿಡಿದು ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವವರು, ಎಲ್ಲರೂ ಇರುವುದು ಎಡಗಡೆ. ಕೆಲವು ಕಡೆ ಪ್ರಪಾತ ಇರುವುದೂ ಎಡಗಡೆ.

ಸಂಜೆ ತಮ್ಮನಿಗೆ ಹೇಳಿದೆ. ಅವನು ಹುಬ್ಬು ಗಂಟಿಕ್ಕಿದ. ‘ಗೇಮಲ್ ಸತ್ರೆ ಬಸ್ಸಲ್ಲೂ ಸಾಯ್ತಾರಾ? ಇಷ್ಟು ವರ್ಸ ಓಡ್ಸವ್ನೆ. ಕುಲ್ಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ, ಬುಡಕ್ಕ.’

‘ಮೆಳ್ಳೆಗಣ್ಣಲ್ಲ ಕಣೋ, ಅರ್ಧ ಲೋಕವೇ ಇಲ್ಲ ಅವನಿಗೆ. ಅವ್ವನ್ನ ಕೇಳು, ಅವಳೂ ನೋಡಿದಾಳೆ.’

ಅವ್ವ ರಾಗಿಮುದ್ದೆ ಕಟ್ಟುತ್ತಿದ್ದಳು. ‘ನಂಗೇನ್ ಗೊತ್ತಾಯ್ತದೆ ಟಿವಿ ಇಸ್ಯ’ ಅಂದಳು. ತಲೆ ಎತ್ತಲಿಲ್ಲ.

ಅಪ್ಪನಿಗೇ ಹೇಳೋಣ ಎಂದು ಬೆಳಗ್ಗೆ ಎದುರಿಗೆ ಕೂತೆ. ಟವೆಲು ಹಾಕಿದ್ದೆ, ನಿನಗೆ ಕಾಣಲಿಲ್ಲ ಅಂದೆ.

‘ನೋಡ್ದೆ. ಒಣಗಾಕಿದ್ದೀಯ ಅಂತ ಸುಮ್ಕಾದೆ.’

‘ಯಾವ ಬಣ್ಣದ್ದು?’

‘ಟೀಚರಮ್ಮ ಅಪ್ಪನ್ಗೇ ಪರೀಕ್ಸೆ ಮಾಡಾಕೆ ಬಂದವ್ಳೆ’ ಎಂದು ಅವ್ವನ ಕಡೆ ತಿರುಗಿ ನಕ್ಕ. ಮೈಸೂರಿಗೆ ಹೋಗಿ ಕಣ್ಣು ತೋರಿಸೋಣ, ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಬೇಡಿಕೊಂಡೆ ಅಂತಲೇ ಹೇಳಬೇಕು. ನಗು ನಿಂತಿತು. ‘ಅಮಾಸೆ ಆಗ್ಲಿ’ ಅಂದ. ಅಮಾವಾಸ್ಯೆಗೆ ವಾರವೂ ಇರಲಿಲ್ಲ.

ಹಾಗಾಗಿ ನಾನು ಬಸ್ಸಿನ ಓನರ ಹತ್ತಿರ ಹೋದೆ. ಕದ್ದು ಹೋಗಲಿಲ್ಲ, ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿಯೇ ಹೋದೆ. ಬಸ್ ಸ್ಟ್ಯಾಂಡಿನ ಪಕ್ಕದ ಅವನ ಬುಕಿಂಗ್ ಆಫೀಸಿನಲ್ಲಿ ನಿಂತು ಎಲ್ಲ ಹೇಳಿದೆ. ಅವನು ಮುಖ ಉಜ್ಜಿಕೊಂಡ. ‘ಎಡಗಡೆ ಏನೂ ಕಾಣಕ್ಕಿಲ್ವಾ?’ ಅಂದ. ‘ನಿಮ್ಮ ಬಸ್ಸಿನ ಬಾಗಿಲು ಯಾವ ಕಡೆ ಇದೆಯೋ, ಆ ಕಡೆ ಏನೂ ಕಾಣಲ್ಲ’ ಅಂದೆ. ಅಮಾವಾಸ್ಯೆಯ ಬಸ್ಸನ್ನು ಬೇರೆ ಡ್ರೈವರಿಗೆ ಕೊಟ್ಟ. ಅಪ್ಪನಿಗೆ ಸ್ಟ್ಯಾಂಡಿನಲ್ಲಿ ನಿಂತು ಜನರನ್ನು ಕೂಗಿ ಹತ್ತಿಸುವ ಕೆಲಸ ಕೊಟ್ಟ. ಯಾಕೆ ಎಂದು ಅಪ್ಪ ಕೇಳಿದಾಗ, ‘ನಿಮ್ ಮಗಳೇ ಬಂದು ಏಳಿ ಓದ್ರಲ್ಲಣ್ಣ’ ಅಂದನಂತೆ. ಅವನ ತಪ್ಪೇನೂ ಇಲ್ಲ, ಇದ್ದದ್ದನ್ನೇ ಅಂದಿದ್ದಾನೆ.

ಅವತ್ತಿನಿಂದ ಅಪ್ಪ ನನ್ನೊಡನೆ ಮಾತು ಬಿಟ್ಟ. ತಮ್ಮ, ‘ಮನೆ ಒಟ್ಟೆ ಮೇಲೆ ಒಡೆದ್ಬುಟ್ಟೆ’ ಅಂದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವ ಗಾದೆಯನ್ನು ಸತ್ತೇಗಾಲದ ಮದುವೆಯೊಂದರಲ್ಲಿ ಸೋದರತ್ತೆ ನನಗೆ ಕೇಳಿಸುವಂತೆಯೇ ಹೇಳಿದಳು. ಬೇರೆ ಯಾರ ಮಾತಿಗಿಂತಲೂ ನನಗೆ ಸಿಟ್ಟಿರುವುದು ಅವ್ವನ ಮೌನದ ಮೇಲೆ. ಅವಳು ಫೋನ್ ಮಾಡುತ್ತಾಳೆ. ಸೊಪ್ಪು, ಮಳೆ, ಹಸುವಿನ ಕರು ಎಲ್ಲ ಹೇಳುತ್ತಾಳೆ. ಕೆಂಪು ಟವೆಲು ಕಂಡದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಪಾಲಿನ ಅರ್ಧ ಬೈಗುಳ ಅವಳಿಗೆ ಬರುತ್ತಿತ್ತು.

ಆ ಅಮಾವಾಸ್ಯೆ ಬಸ್ಸು ಹೋಗಿ ಬಂತು, ಯಾರಿಗೂ ಏನೂ ಆಗಲಿಲ್ಲ. ಏನೂ ಆಗದವರು ಯಾರೂ ಬಂದು ಕೈ ಮುಗಿಯುವುದಿಲ್ಲ. ‘ನೋಡ್ದಾ, ಏನೂ ಆಗ್ಲಿಲ್ಲ’ ಎಂದು ತಮ್ಮ, ಆಗಲೇ ಯಳಂದೂರಿಗೆ ವಾಪಸಾಗಿದ್ದ ನನಗೇ ಫೋನ್ ಮಾಡಿ ಹೇಳಿದ. ಓಡಿಸಿದವನು ಬೇರೆ ಡ್ರೈವರು ಅನ್ನುವುದನ್ನೂ ಮರೆತು ಮಾತಾಡಿದ. ಇಂಥವರಿಗೆ ಏನು ಲೆಕ್ಕ ಕಲಿಸುವುದು.

ಆ ಗೇಮನ್ನು ನಾನು ಹೊರಡುವಾಗ ತಮ್ಮ ನನ್ನ ಚೀಲದ ಮೇಲೆ ಎಸೆದಿದ್ದ, ಯಳಂದೂರಿಗೆ ತಂದೆ. ಒಂದು ಭಾನುವಾರ ಕೂತು ವಾಪಸ್ ಟ್ರಿಪ್ಪು ಮುಗಿಸಿದೆ. ಹೋಗುವಾಗಿನಷ್ಟು ಕಷ್ಟವೇ ಇಲ್ಲ, ಕಣ್ಣಿದ್ದರೆ ಸಾಕು. ಕುಳ್ಳ ಗುಡಿಸಿಲು ಮುಟ್ಟಿದ, ಬಾಗಿಲು ತೆರೆಯಿತು, ಅರ್ಥವಾಗದ ಯಾವುದೋ ಲಿಪಿಯಲ್ಲಿ ಎರಡು ಸಾಲು ಬಂತು. ಆಮೇಲೆ ಪರದೆ ಮೊದಲಿನ ಜಾಗಕ್ಕೇ ಹೋಗಿ ನಿಂತಿತು.

ಹೋದ ತಿಂಗಳು ಕೊಳ್ಳೇಗಾಲಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಲ್ಲುಬೆಂಚಿನ ಮೇಲೆ ಕೂತಿದ್ದ, ಬಲಗಡೆ ಅವನ ವಯಸ್ಸಿನ ಇನ್ನೊಬ್ಬ ಡ್ರೈವರು. ಮಾತಾಡಿಸೇಬಿಡೋಣ ಎಂದು ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಖಾಲಿ ಇದ್ದದ್ದು ಎಡತುದಿ. ಅಪ್ಪನಿಗೆ ನಾನು ಬಂದದ್ದು ತಿಳಿಯಲಿಲ್ಲ, ಆ ಡ್ರೈವರಿಗೆ ನನ್ನ ಗುರುತಿರಲಿಲ್ಲ. ಆ ಡ್ರೈವರು ಕೇಳುತ್ತಿದ್ದ, ‘ನಿಜ್ವಾಗ್ಲೂ ಕಾಣಕ್ಕಿಲ್ವೇನ್ಲಾ, ಇಲ್ಲ ಮಗಳು ಸುಮ್ಕೆ ಏಳುದ್ಳಾ?’

‘ಕಾಣಕ್ಕಿಲ್ಲ ಕಣ್ಲಾ’ ಅಂದ ಅಪ್ಪ. ‘ಆಸ್ಪತ್ರೆ ಮಂಚದಲ್ಲಿ ಕಣ್ ಬುಟ್ಟಾಗ್ಲೇ ಗೊತ್ತಾಯ್ತು. ಯಾರ್ಗೂ ಏಳ್ಲಿಲ್ಲ. ಅದ್ಕೇ ಆ ದೆವ್ವದ ಆಟ ಆಡ್ತಿದ್ದೆ. ಕಾಣ್ದಲೆ ಎಷ್ಟು ದೂರ ಓಗ್ಬೋದು ನೋಡವ ಅಂತ.’

‘ಬಸ್ಸಲ್ ಜನ ಇರ್ತಿದ್ರಲ್ಲಾ.’

‘ಒಂದ್ ಟ್ರಿಪ್ಪು. ಒಂದೇ ಟ್ರಿಪ್ಪು ಓಡ್ಸಿ ಇಳ್ಸಿ, ಸಾಕು ಅಂತ ನಾನೇ ಕೀ ಕೊಡ್ತಿದ್ದೆ. ಅಷ್ಟೂ ತಡೀನಿಲ್ಲ ಅವ್ಳು.’

ಗೊತ್ತಿತ್ತು. ನಾನು ಪಕ್ಕದಲ್ಲಿ ಕೂತು ಜೊತೆಗೆ ಒಪ್ಪಿಸಿದ ಅಷ್ಟೂ ದಿನ, ನನ್ನ ಬೆನ್ನಿಗೆ ಹೊಡೆದು ನಕ್ಕ ಅವತ್ತೂ ಅವನಿಗೆ ಗೊತ್ತಿತ್ತು. ಅವನ ಜೊತೆ ಆಟ ಆಡುತ್ತಿದ್ದೇನೆ ಎಂದು ನಾನು ನಂಬಿದ್ದೆ. ನಿಜಕ್ಕೆ ಒಂದು ಬಸ್ಸಿನ ಜನರನ್ನು ಅವನು ಕುರುಡಾಗಿ ಬೆಟ್ಟ ಹತ್ತಿಸುವುದಕ್ಕೆ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ನನಗೆ ಅಳು ಬರಲಿಲ್ಲ. ಕೆನ್ನೆಗೆ ಹೊಡೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು, ಹೆತ್ತ ಅಪ್ಪನ ಮೇಲೆ.

ಎದ್ದು ಸುತ್ತಿ ಬಂದು ಅವನ ಬಲಗಡೆ, ಅವನಿಗೆ ಕಾಣುವ ಕಡೆ ನಿಂತೆ. ಅಪ್ಪ ಮಾತು ನಿಲ್ಲಿಸಿದ. ನನ್ನ ಮುಖವನ್ನು ಪೂರಾ ನೋಡಿದ. ನಾನು ಎಲ್ಲಿ ಕೂತಿದ್ದೆ, ಏನು ಕೇಳಿಸಿಕೊಂಡೆ ಎನ್ನುವುದು ಅವನಿಗೆ ತಿಳಿಯಿತು, ಅದು ನನಗೂ ಕಂಡಿತು. ಏನಾದರೂ ಅನ್ನುತ್ತಾನೆ ಎಂದು ಕಾದೆ.

ಅವನು ಎದ್ದು, ಯಾರೋ ದಾರಿ ತಪ್ಪಿದ ಪ್ಯಾಸೆಂಜರಿಗೆ ತೋರಿಸುವ ಹಾಗೆ ಕೈ ಮಾಡಿದ.

‘ಯಳಂದೂರ್ ಬಸ್ಸು ಆ ಕಡೆ ನಿಲ್ತದೆ. ಅಲ್ಲೋಗಿ ನಿಂತ್ಕಳಿ’ ಅಂದ.